ನಾಲ್ಕು ನೂರು ಗೋಡೆಗಳ ಮುಖ

ಮೊದಲು ಒಂದು ಒಗಟು. ನಾಲ್ಕು ನೂರು ಗೋಡೆಗಳ ಮೇಲೆ ಇದ್ದ ಮುಖ. ಮೂರು ತಾಲ್ಲೂಕಿನ ಜನ ನೋಡಿದ ಮುಖ. ಕಟ್ಟಿಕೊಂಡ ಹೆಂಡತಿ ಹೌದು ಎಂದು ಒಪ್ಪಿದ ಮುಖ. ಆದರೆ ಭೂಮಿಯ ಮೇಲೆ ಯಾವ ಮನುಷ್ಯನಿಗೂ ಇಲ್ಲದ ಮುಖ. ಯಾರದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯುವುದಿಲ್ಲ. ನಾನು ‘ದೇವರದು’ ಎಂದು ಹೇಳಿ ಬೈಸಿಕೊಂಡೆ. ಖಾಜಾಹುಸೇನ ‘ಸಿನಿಮಾ ಹೀರೋಂದು’ ಎಂದ. ಹುಲಿಗೆಮ್ಮ ಜಾಣೆ, ಅದಕ್ಕೇ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಒಗಟು ಹಾಕಿದವರು ನಮಗೆ ಡಿಟಿಪಿ ಕಲಿಸುವ ಗುದ್ನೆಪ್ಪ ಮಾಸ್ತರು. ಅವರು ಅದನ್ನು ಹಾಕುವ ಹಾಗೆ ಮಾಡಿದವನು ನಾನು. ನಾನು ಕೇಳಿದ್ದು ಇಷ್ಟೇ.

“ಸರ್, ಮಾರ್ಜಿನ್ನು, ಫಾಂಟು, ಅಲೈನ್‌ಮೆಂಟು ಅಂತ ಮೂರು ವಾರ ಆತ್ರೀ. ಫೋಟೋದಾಗ ಮಾರಿ ಬೆಳ್ಳಗ ಮಾಡೋದು ಯಾವಾಗ ಕಲಸ್ತೀರಿ?”

ಎಲ್ಲರೂ ನಕ್ಕರು. ಸೈಕಲ್ ಅಂಗಡಿಯ ಮೇಲಿನ ಮಹಡಿ, ನಾಲ್ಕು ಕಂಪ್ಯೂಟರು, ಕಲಿಯುವವರು ಆರು ಮಂದಿ. ನಗು ಕೆಳಗಿನ ಅಂಗಡಿಗೂ ಕೇಳಿಸಿರಬೇಕು.

“ಯಂಕೋಬ, ನಿನ್ನ ಮಾರಿಗೆ ಈ ಕಂಪ್ಯೂಟರ್ ಸಾಲಂಗಿಲ್ಲ. ಅದಕ್ಕ ಬ್ಯಾರೇದ ತರಸ್ಬೇಕು” ಎಂದಳು ಹುಲಿಗೆಮ್ಮ. ಹಿಂದಿನ ದಿನ ಅವಳ ಫೋಟೋಗೆ ನಾನು ಮೀಸೆ ಹಚ್ಚಿ ಸ್ಕ್ರೀನಿನ ಮೇಲೆ ಇಟ್ಟು ಹೋಗಿದ್ದೆ. ಅದರ ಸಿಟ್ಟು.

ಮಾಸ್ತರು ನಗಲಿಲ್ಲ. “ಮುಖ ಬೆಳ್ಳಗೆ ಮಾಡುವುದು ಹತ್ತು ನಿಮಿಷದ ಕೆಲಸ” ಎಂದರು. “ಅದನ್ನು ಕಲಿಸುವ ಮೊದಲು ಒಂದು ಒಗಟು.” ಆಗಲೇ ಅವರು ಮೇಲಿನ ಒಗಟನ್ನು ಹೇಳಿದ್ದು. ನಾವು ಸೋತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡಿಟಿಪಿಯವನಿದ್ದ. ಲಗ್ನಪತ್ರಿಕೆ, ಬ್ಯಾನರು, ಕರಪತ್ರ, ಊರಿನದೆಲ್ಲ ಅವನ ಕೈಯಲ್ಲೇ ಆಗುತ್ತಿತ್ತು. ಅವನ ಕೈಗೆ ಬಂದ ಯಾವ ಮುಖವೂ ಬಂದ ಹಾಗೆ ಹೊರಗೆ ಹೋಗುತ್ತಿರಲಿಲ್ಲ. ಕಪ್ಪಗಿದ್ದವರು ಬೆಳ್ಳಗಾಗುತ್ತಿದ್ದರು. ಮೊಡವೆ ಹೋಗುತ್ತಿತ್ತು, ಮಚ್ಚೆ ಹೋಗುತ್ತಿತ್ತು. ಬೊಕ್ಕತಲೆಗೆ ಕೂದಲು ಬರುತ್ತಿತ್ತು. ಪಂಚಾಯ್ತಿ ಚುನಾವಣೆಗೆ ನಿಂತವರು ಹತ್ತು ವರ್ಷ ಚಿಕ್ಕವರಾಗುತ್ತಿದ್ದರು. ಹೀಗೆ ಮಾಡು ಎಂದು ಯಾರೂ ಕೇಳುತ್ತಿರಲಿಲ್ಲ. ಬೇಡ ಎಂದು ಯಾರೂ ಹೇಳುತ್ತಲೂ ಇರಲಿಲ್ಲ.

“ಸತ್ತವರಿಗೂ ಮಾಡ್ತಿದ್ದನೇನ್ರೀ ಸರ್?” ಖಾಜಾ ಕೇಳಿದ.

“ಸತ್ತವರಿಗೆ ಇನ್ನೂ ಚೆನ್ನಾಗಿ ಮಾಡುತ್ತಿದ್ದ” ಎಂದರು ಮಾಸ್ತರು. ಒಬ್ಬ ಮುದುಕಿಯ ಹನ್ನೊಂದನೇ ದಿನದ ಕಾರ್ಡಿನಲ್ಲಿ ಅವನು ಆಕೆಗೆ ಮುಂದಿನ ಎರಡು ಹಲ್ಲು ಕೊಟ್ಟ. ಬದುಕಿದ್ದಾಗ ಆಕೆಗೆ ಹಲ್ಲು ಕಟ್ಟಿಸದ ಮಗ ಅದನ್ನು ನೋಡಿ ಕಣ್ಣೊರೆಸಿಕೊಂಡ.

ನಾವು ಮತ್ತೆ ನಕ್ಕೆವು. ಮಾಸ್ತರು ನಗು ನಿಲ್ಲುವವರೆಗೆ ಕಾದು ಮುಂದುವರಿಸಿದರು.

ಒಂದು ದಿನ ಬಳೆ ಮಾರುವ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದಳು. ಅವಳ ಗಂಡನಿಗೆ ಮರೆವಿನ ಕಾಯಿಲೆ. ತನ್ನ ಹೆಸರು ಮರೆತಿದ್ದ, ಊರು ಮರೆತಿದ್ದ. ಬೆಳಗ್ಗೆ ಬಾಗಿಲಲ್ಲಿ ಕೂತಿದ್ದವನು ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಇರಲಿಲ್ಲ. ಹೋಗಿ ಆರು ದಿನವಾಗಿತ್ತು. ಅವನನ್ನು ಯಾರಾದರೂ ಕೇಳಿದರೂ ಅವನು ಏನೂ ಹೇಳಲಾರ. ಅವನನ್ನು ನೋಡಿದವರೇ ಗುರುತು ಹಿಡಿಯಬೇಕು. ಹಾಗಾಗಿ ಅವಳಿಗೆ ಒಂದು ಪೋಸ್ಟರು ಬೇಕಿತ್ತು.

ಅವಳ ಹತ್ತಿರ ಇದ್ದದ್ದು ಒಂದೇ ಫೋಟೋ. ಯಾರದೋ ಮನೆಯ ಮದುವೆಯಲ್ಲಿ ಹದಿನೈದು ಜನರ ನಡುವೆ ಅವನು ನಿಂತಿದ್ದ.

“ತಮ್ಮಾ, ಅವರ ಎಡಗಡೆ ಹುಬ್ಬು ಎರಡು ಸೀಳಾಗಿದೆ. ಮೂಗಿನ ಪಕ್ಕ ದೊಡ್ಡ ಮಚ್ಚೆ ಇದೆ. ಒಂದು ಕಿವಿ ಹರಿದಿದೆ. ಅದನ್ನೆಲ್ಲ ಬರೆ” ಎಂದಳು.

“ಬೇಡ ಅಕ್ಕಾ. ಅಕ್ಷರ ಹೆಚ್ಚಾದರೆ ಯಾರೂ ನಿಂತು ಓದುವುದಿಲ್ಲ. ಫೋಟೋದಲ್ಲಿ ಎಲ್ಲಾ ಕಾಣುತ್ತದಲ್ಲ” ಎಂದ ಡಿಟಿಪಿಯವನು.

ಅವನು ಹೇಳಿದ್ದು ಸರಿ. ಅವನು ಕೆಲಸ ಬಲ್ಲವನು.

ಇಲ್ಲಿ ಮಾಸ್ತರು ನಮ್ಮ ಕಡೆ ತಿರುಗಿ, “ನಿಮ್ಮ ನೋಟ್‌ಬುಕ್ ತೆಗೆದು ನೋಡಿಕೊಳ್ಳಿ” ಎಂದರು. ಹುಲಿಗೆಮ್ಮ ನಿಜವಾಗಿಯೂ ತೆಗೆದಳು. ನನ್ನ ನೋಟ್‌ಬುಕ್ಕಿನಲ್ಲಿ ಮಾಸ್ತರ ಚಿತ್ರ ಇತ್ತು, ಹಾಗಾಗಿ ತೆಗೆಯಲಿಲ್ಲ.

ಡಿಟಿಪಿಯವನು ಪೋಸ್ಟರಿನ ನಾಲ್ಕೂ ಕಡೆ ಸಾಕಷ್ಟು ಜಾಗ ಬಿಟ್ಟ. ಒಂದೇ ಫಾಂಟು ಬಳಸಿದ. ‘ಕಾಣೆಯಾಗಿದ್ದಾರೆ’ ಎಂಬುದನ್ನು ರಸ್ತೆಯ ಆಚೆ ನಿಂತವರಿಗೂ ಕಾಣುವಷ್ಟು ದೊಡ್ಡದಾಗಿ ಇಟ್ಟ. ಅದರ ಕೆಳಗೆ ಫೋಟೋ, ಫೋಟೋದ ಕೆಳಗೆ ಹೆಸರು, ಕೊನೆಗೆ ಫೋನ್ ನಂಬರು. ಹೂ ಇಲ್ಲ, ಬಳ್ಳಿ ಇಲ್ಲ, ಅಕ್ಷರಕ್ಕೆ ನೆರಳಿಲ್ಲ. ಕಣ್ಣು ಮೇಲಿನಿಂದ ಕೆಳಕ್ಕೆ ಎಲ್ಲೂ ಎಡವದೆ ಇಳಿಯುತ್ತಿತ್ತು. ಪರೀಕ್ಷೆಗೆ ಕೊಟ್ಟಿದ್ದರೆ ಅದಕ್ಕೆ ನೂರಕ್ಕೆ ನೂರು.

ಆಮೇಲೆ ಫೋಟೋವನ್ನು ದೊಡ್ಡದು ಮಾಡಿದ. ಹದಿನೈದು ಜನರ ನಡುವಿನಿಂದ ಅವಳ ಗಂಡನೊಬ್ಬನನ್ನು ಬಿಡಿಸಿ ತೆಗೆದ. ಅಷ್ಟೊತ್ತಿಗೆ ಯಾರೋ ಲಗ್ನಪತ್ರಿಕೆಯವರು ಬಂದು ಮಾತಿಗೆ ನಿಂತರು. ಅವರ ಜೊತೆ ಮಾತಾಡುತ್ತಲೇ ಅವನ ಕೈ ಕೆಲಸ ಮಾಡಿತು. ದಿನಾ ಮಾಡುವ ಕೆಲಸ. ಹುಬ್ಬಿನ ಸೀಳು ಮುಚ್ಚಿತು. ಮಚ್ಚೆ ಹೋಯಿತು. ಕಿವಿ ಕೂಡಿಕೊಂಡಿತು. ಗಡ್ಡದ ಕೂಳೆ ಹೋಯಿತು. ತಲೆ ಕಪ್ಪಗಾಯಿತು, ಮುಖ ಬೆಳ್ಳಗಾಯಿತು. ಅಂಗಿಯ ಕಾಲರು ಹರಿದಿತ್ತು. ಬೇರೆ ಯಾರದೋ ಹೊಸ ಅಂಗಿ ತಂದು ಕೂಡಿಸಿದ.

“ಅಯ್ಯಯ್ಯೋ!” ಎಂದಳು ಹುಲಿಗೆಮ್ಮ. ಅವಳ ಪೆನ್ನು ಕೆಳಗೆ ಬಿತ್ತು. “ಅಲ್ರೀ ಸರ್, ಆಕಿ ನೋಡ್ಲಿಲ್ಲೇನ್ರೀ? ಪ್ರೂಫ್ ತೋರ್ಸಿರ್ಬೇಕಲ್ರೀ?”

“ತೋರಿಸಿದ” ಎಂದರು ಮಾಸ್ತರು.

ಬಳೆಗಾರ್ತಿಗೆ ಓದು ಬರುತ್ತಿರಲಿಲ್ಲ. ಫೋನ್ ನಂಬರನ್ನು ಅವನೇ ಎರಡು ಸಲ ಓದಿ ಹೇಳಿದ. ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನನ್ನನ್ನು ನೋಡಲು ಬಂದ ದಿನ ಹೀಗೇ ಇದ್ದರು” ಎಂದಳು. “ಹೀಗೇ ಇರಲಿ ತಮ್ಮಾ.”

ನಾಲ್ಕು ನೂರು ಪೋಸ್ಟರು ಅಚ್ಚಾದವು. ಮೂರು ತಾಲ್ಲೂಕಿನ ಬಸ್ ನಿಲ್ದಾಣ, ಸಂತೆ, ಆಸ್ಪತ್ರೆ, ಪೊಲೀಸ್ ಠಾಣೆ, ಎಲ್ಲ ಕಡೆ ಅಂಟಿಸಿದರು. ಜನ ನಿಂತು ನೋಡಿದರು. ನೋಡಿದವರು ಓದಿದರು. ಓದಿದವರು ಫೋನ್ ಮಾಡಿದರು.

ಮೊದಲು ಒಬ್ಬ ಔಷಧಿ ಕಂಪನಿಯ ಪ್ರತಿನಿಧಿ ಸಿಕ್ಕಿಬಿದ್ದ. ಬೆಳ್ಳಗಿದ್ದ, ಹೊಸ ಅಂಗಿ ಹಾಕಿದ್ದ. ಜನ ಅವನನ್ನು ಬಸ್ಸಿನಿಂದ ಇಳಿಸಿದರು. “ಸ್ವಾಮಿ, ನಾನು ಕಳೆದುಹೋಗಿಲ್ಲ, ಮನೆಗೆ ಹೋಗುತ್ತಿದ್ದೇನೆ” ಎಂದ. “ಮರೆವಿನವರು ಹೀಗೇ ಹೇಳುವುದು” ಎಂದರು ಜನ. ಎರಡು ದಿನದಲ್ಲಿ ಅವನನ್ನು ಮೂರು ಸಲ ಹಿಡಿದರು. ಮೂರನೆಯ ಸಲ ಬಳೆಗಾರ್ತಿಯೇ ಹೋಗಿ ಬಿಡಿಸಬೇಕಾಯಿತು. ಅವನು ಅವಳಿಗೆ ಕೈ ಮುಗಿದು, “ಅಮ್ಮಾ, ಇವರಿಗೆ ನಿಮ್ಮ ಯಜಮಾನರ ವಯಸ್ಸು ಹೇಳಿ” ಎಂದ. ಅವಳು ಅರವತ್ತೆರಡು ಎಂದಳು. ಯಾರೂ ನಂಬಲಿಲ್ಲ.

ನಾನು ನಗಲು ಬಾಯಿ ತೆರೆದೆ. ಖಾಜಾ ಮೊಣಕೈಯಿಂದ ತಿವಿದ.

ಪಕ್ಕದ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಬಂದು ಕೂತಿದ್ದ. ಮಾತು ಕಡಿಮೆ. ಕಪ್ಪು ಮುಖ, ಬಿಳಿ ಗಡ್ಡ. ಎಡ ಹುಬ್ಬು ಎರಡು ಸೀಳು. ಅವನು ಒರಗಿ ಕೂರುತ್ತಿದ್ದ ಗೋಡೆಯ ಮೇಲೆ, ಅವನ ತಲೆಗಿಂತ ಒಂದು ಮೊಳ ಮೇಲೆ, ಆ ಪೋಸ್ಟರು ಇತ್ತು.

ಈ ಸಲ “ಅಯ್ಯೋ” ಎಂದವನು ಖಾಜಾ.

ಅಲ್ಲಿ ಚಹಾ ಮಾರುವ ಒಬ್ಬನಿದ್ದ. ಒಳ್ಳೆಯವನು. ದಿನವೂ ಮುದುಕನಿಗೆ ಚಹಾ, ಬನ್ನು ಕೊಡುತ್ತಿದ್ದ. ಈ ಮುದುಕನೇ ಪೋಸ್ಟರಿನವನಿರಬಹುದೇ ಎಂದು ಚಹಾದವನಿಗೆ ಅನ್ನಿಸಿತ್ತು. ಎರಡು ಸಲ ಮುದುಕನನ್ನು ಎಬ್ಬಿಸಿ, ಪೋಸ್ಟರಿನ ಪಕ್ಕ ನಿಲ್ಲಿಸಿ ನೋಡಿದ. ಒಬ್ಬ ಪೊಲೀಸಿನವನನ್ನೂ ಕರೆದು ತೋರಿಸಿದ. ಇಬ್ಬರೂ ಸರಿಯಾಗಿ ನೋಡಿದರು. ಪೋಸ್ಟರಿನವನ ಹುಬ್ಬು ನೆಟ್ಟಗಿತ್ತು. ಇವನಲ್ಲ ಎಂದರು.

ಚಹಾದವನು ತಮಾಷೆಗೆ ಕೇಳಿದ. “ಏನಜ್ಜಾ, ಇವನು ನಿನ್ನ ತಮ್ಮನೇನು?”

ಮುದುಕ ತಲೆಯೆತ್ತಿ ಪೋಸ್ಟರನ್ನು ನೋಡಿದ. “ಯಾರ ಮನೆಯವನೋ, ಪಾಪ” ಎಂದ. “ಮನೆಯಲ್ಲಿ ಎಷ್ಟು ಹುಡುಕುತ್ತಿದ್ದಾರೋ.”

ಒಗಟಿನ ಉತ್ತರ ನನಗೆ ಆಗ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹುಲಿಗೆಮ್ಮ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದಳು.

“ಮುಂದ ಏನಾತ್ರೀ ಸರ್? ಲಗೂ ಹೇಳ್ರೀ” ಎಂದೆ.

ಮಾಸ್ತರು ಕೆಳಗೆ ಬಿದ್ದಿದ್ದ ಹುಲಿಗೆಮ್ಮನ ಪೆನ್ನನ್ನು ಎತ್ತಿಕೊಟ್ಟು ಹೇಳಿದರು.

ಒಂದು ತಿಂಗಳ ಮೇಲೆ ಡಿಟಿಪಿಯವನು ಕಾಗದ ತರಲು ಆ ಊರಿಗೆ ಹೋದ. ಬಸ್ಸಿನಿಂದ ಇಳಿದ ಕೂಡಲೇ ತನ್ನ ಪೋಸ್ಟರು ಕಂಡಿತು. ಅಕ್ಷರ ಎಷ್ಟು ದೂರಕ್ಕೆ ಕಾಣುತ್ತದೆ ನೋಡೋಣ ಎಂದು ಹಿಂದೆ ಸರಿದು ನಿಂತ. ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೆ ಸಂತೋಷವಾಯಿತು. ಆಮೇಲೆ ಅವನ ಕಣ್ಣು ಕೆಳಗೆ ಇಳಿಯಿತು. ಹುಬ್ಬಿನ ಸೀಳು. ಮೂಗಿನ ಪಕ್ಕದ ಮಚ್ಚೆ. ಹರಿದ ಕಿವಿ. ತಾನು ಅಳಿಸಿದ್ದೆಲ್ಲ, ಒಂದೂ ಬಿಡದೆ, ಆ ಮುದುಕನ ಮುಖದ ಮೇಲೆ ಇತ್ತು. ಲೋಕದಲ್ಲಿ ಅವನನ್ನು ಗುರುತು ಹಿಡಿಯಬಲ್ಲವರು ಇಬ್ಬರೇ. ಒಬ್ಬಳು ಅವನನ್ನು ಕಟ್ಟಿಕೊಂಡವಳು, ಇನ್ನೊಬ್ಬ ಅವನನ್ನು ಅಳಿಸಿದವನು.

ಡಿಟಿಪಿಯವನು ಮುದುಕನ ಕೈ ಹಿಡಿದು ಎಬ್ಬಿಸಿದ. ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಬಂದ. ಬಳೆಗಾರ್ತಿ ಬಾಗಿಲಲ್ಲಿ ನಿಂತಿದ್ದಳು. ಗಂಡನ ಹುಬ್ಬಿನ ಸೀಳಿನ ಮೇಲೆ ಬೆರಳಿಟ್ಟಳು. ಅವನಿಗೆ ಅವಳ ನೆನಪಿರಲಿಲ್ಲ. ಆದರೂ ಅವಳು ಬಡಿಸಿದ ಮೇಲೆ ಕೂತು ಉಂಡ.

ಇಷ್ಟು ಹೇಳಿ ಮಾಸ್ತರು ನಿಲ್ಲಿಸಿದರು.

ಹುಲಿಗೆಮ್ಮ ಉಸಿರು ಬಿಟ್ಟಳು. “ಸದ್ಯ, ಸಿಕ್ಕನಲ್ಲ ಯವ್ವಾ” ಎಂದಳು. ಖಾಜಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ನನಗೆ ನನ್ನ ಬಾಯಿ ವಾಪಸ್ ಬಂತು.

“ಹಂಗಾರ ಏನೂ ಕೆಟ್ಟಿಲ್ಲ ಬಿಡ್ರೀ ಸರ್! ಕಂಟ್ರೋಲ್ ಝಡ್ ಒತ್ತಿದಂಗಾತು. ಅಳಿಸಿದ್ದೆಲ್ಲಾ ತಿರುಗಿ ಬಂತು!”

ಎಲ್ಲರೂ ಜೋರಾಗಿ ನಕ್ಕರು. ಹುಲಿಗೆಮ್ಮನೂ ನಕ್ಕಳು. ಮಾಸ್ತರು ನನ್ನ ಕಂಪ್ಯೂಟರಿನ ಹತ್ತಿರ ಬಂದು ನಿಂತು, ಮೆಲ್ಲಗೆ ಹೇಳಿದರು:

“ಬಸ್ ನಿಲ್ದಾಣದಲ್ಲಿ ಸಿಕ್ಕ ಎಂಬ ಕೊನೆ ನಾನು ಕಟ್ಟಿ ಹೇಳಿದ್ದು. ನಾನು ಆ ಹುಬ್ಬನ್ನು ಮತ್ತೆ ನೋಡಿದ್ದು, ‘ಗುರುತು ಸಿಗದ ಶವ’ ಅಂತ ಒಂದು ಪೋಸ್ಟರು ಮಾಡಿಕೊಡು ಎಂದು ಪೊಲೀಸಿನವರು ತಂದುಕೊಟ್ಟ ಫೋಟೋದಲ್ಲಿ.”