ನಾಳೆ ಬನ್ನಿ

“ನೋಡಿದ್ದನ್ನು ನೋಡಿದ ಹಾಗೆ ಬರೆದರೆ ಅದು ಸತ್ಯವಲ್ಲವೇ, ಬುದ್ಧಿ?” ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದಲ್ಲಿ ಓದಿದವನು. ಈಗ ಶಾಸನಸಭೆಯ ಸದಸ್ಯ. ಸೆರೆಮನೆಗಳಲ್ಲಿ, ನ್ಯಾಯಾಲಯಗಳಲ್ಲಿ ಜನರಿಗೆ ರಕ್ಷಣೆ ಇದೆಯೇ, ಆಸರೆ ಇದೆಯೇ ಎಂದು ಪರಿಶೀಲಿಸಲು ಸಭೆ ಒಂದು ಸಮಿತಿ ಮಾಡಿತ್ತು. ಅದರಲ್ಲಿ ಅವನೂ ಒಬ್ಬ. ಸಮಿತಿಯವರು ಹಿಂದಿನ ದಿನವಷ್ಟೇ ಪಕ್ಕದ ಜಿಲ್ಲೆಯ ಸೆರೆಮನೆಯನ್ನು ನೋಡಿಕೊಂಡು ಬಂದಿದ್ದರು. ವರದಿಯ ಕರಡು ಅವನ ಕೈಯಲ್ಲಿತ್ತು.

ಗುರುಗಳು ಜಗುಲಿಯ ಮೇಲೆ ಕುಳಿತು ದಾಸೋಹಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

“ಏನು ನೋಡಿದೆ?”

“ಎಲ್ಲ ಚೊಕ್ಕಟವಾಗಿತ್ತು. ಊಟದ ರುಚಿ ನೋಡಿದೆವು, ಚೆನ್ನಾಗಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತೊಂದರೆ ಇದೆಯೇ ಎಂದು ಕೇಳಿದೆವು. ಇಲ್ಲ ಎಂದರು. ಒಬ್ಬ ಮನುಷ್ಯ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಾನು ಮುಂದೆ ಹೋಗುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಅದೊಂದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಆದರೆ ಅವನು ಏನೂ ಹೇಳಲಿಲ್ಲವಲ್ಲ? ಹೇಳದೇ ಇದ್ದದ್ದನ್ನು ಬರೆಯುವುದು ಹೇಗೆ? ಉಳಿದವರೆಲ್ಲ ಸಹಿ ಹಾಕಿದ್ದಾರೆ. ನಾನೂ ಹಾಕಿದರೆ ಮುಗಿಯಿತು.”

“ಮುಗಿಯಿತೋ? ಭೇಷ್,” ಎಂದರು ಗುರುಗಳು. “ಸಹಿ ಆಮೇಲೆ ಹಾಕುವೆಯಂತೆ. ಕೂತುಕೋ. ಈ ಬಿದಿರನ್ನು ಕಡ್ಡಿ ಕಡ್ಡಿಯಾಗಿ ಸೀಳಿಕೊಡು. ಕೈ ಸುಮ್ಮನಿದ್ದರೆ ನಿನ್ನ ಕಿವಿಯೂ ನಿದ್ದೆ ಮಾಡುತ್ತದೆ, ಪಾಠದ ದಿನಗಳಿಂದಲೂ ನೋಡಿದ್ದೇನೆ.”

ಚನ್ನವೀರ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ನಾಡು. ಅಲ್ಲಿ ರಾಜನಿರಲಿಲ್ಲ. ಊರೂರಿನವರು ಆರಿಸಿ ಕಳಿಸಿದ ಹಿರಿಯರ ಸಭೆಯೇ ಆಳುತ್ತಿತ್ತು. ಒಳ್ಳೆಯ ಸಭೆ. ಅದನ್ನು ಹಳಿಯುವುದಕ್ಕೆ ನಾನು ಈ ಕತೆ ಹೇಳುತ್ತಿಲ್ಲ, ಹಾಗೆ ತಿಳಿಯಬೇಡ. ವರ್ಷಕ್ಕೊಮ್ಮೆ ಸಭೆಯವರೊಬ್ಬರು ಸೆರೆಮನೆಗೆ ಹೋಗಿ, ಒಳಗಿದ್ದವರ ಕಷ್ಟ ಕೇಳಿ, ಬಂದು ಸಭೆಯಲ್ಲಿ ಓದಬೇಕು ಎಂದು ಅವರೇ ನಿಯಮ ಮಾಡಿಕೊಂಡಿದ್ದರು. ಯಾರೂ ಒತ್ತಾಯಿಸಿರಲಿಲ್ಲ.

ಕಷ್ಟ ಕೇಳುವುದಕ್ಕೂ ಒಂದು ನಿಯಮವಿತ್ತು. ಯಾರ ಮೇಲಿನ ದೂರನ್ನೂ ಅವರ ಬೆನ್ನ ಹಿಂದೆ ಕೇಳಕೂಡದು. ದೂರಿದ್ದವರು ಸೆರೆಮನೆಯ ಅಧಿಕಾರಿಯ ಎದುರಿಗೇ ಹೇಳಬೇಕು. ಹಿಂದೆಂದೋ ಒಬ್ಬ ಒಳ್ಳೆಯ ಅಧಿಕಾರಿ ಯಾರದೋ ಚಾಡಿಮಾತಿಗೆ ಕೆಲಸ ಕಳೆದುಕೊಂಡಿದ್ದನಂತೆ. ಇನ್ನು ಮೇಲೆ ಹಾಗಾಗಬಾರದು ಎಂದು ಈ ನಿಯಮ ತಂದಿದ್ದರು. ಇಂಥ ನ್ಯಾಯ ಬೇರೆ ಯಾವ ನಾಡಿನಲ್ಲಿದೆ ಎಂದು ಸಭೆಯವರಿಗೆ ಬಹಳ ಹೆಮ್ಮೆ.

ಇನ್ನೊಂದು ಪದ್ಧತಿ. ಸಭೆಯವರು ಬರುವ ಸುದ್ದಿಯನ್ನು ಎಂಟು ದಿನ ಮೊದಲೇ ಡಂಗುರ ಹೊಡೆಸಿ ಸಾರುತ್ತಿದ್ದರು. ಹೇಳದೆ ಕೇಳದೆ ಹೋಗಿ ನಿಲ್ಲುವುದು ದೊಡ್ಡವರಿಗೆ ಭೂಷಣವಲ್ಲ ಎಂದು.

ಒಂದು ವರ್ಷ ಆ ಕೆಲಸ ಒಬ್ಬ ಬಟ್ಟೆ ವ್ಯಾಪಾರಿಯ ಪಾಲಿಗೆ ಬಂತು. ಮರ್ಯಾದಸ್ಥ. ಹುಟ್ಟಿದಂದಿನಿಂದ ಒಂದು ಸುಳ್ಳು ಹೇಳಿದವನಲ್ಲ. ದಡ್ಡನೂ ಅಲ್ಲ. ಅವನ ಅಂಗಡಿಗೆ ಬಟ್ಟೆಯ ಗಂಟು ಬಂದರೆ ಮೇಲಿನ ಮಡಿಕೆಯನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಅಡಿಯಿಂದ ಒಂದು ಪದರ ಎಳೆದು, ಬೆಳಕಿಗೆ ಹಿಡಿದು, ಆಮೇಲೆ ಮಾತಾಡುತ್ತಿದ್ದ. ಅಂಥ ಜಾಣ.

ಅವನು ಶಾಲು ಹೊದ್ದು, ನಾಲ್ಕು ಜನರನ್ನು ಕರೆದುಕೊಂಡು ಸೆರೆಮನೆಗೆ ಹೋದ. ನೆಲ ತೊಳೆದಿತ್ತು. ಹೊಸ ಚಾಪೆ ಹಾಸಿತ್ತು. ಹರಿವಿಗಳ ತುಂಬ ನೀರಿತ್ತು. ಅನ್ನ ಸಾರು ತರಿಸಿ ಒಂದು ತುತ್ತು ತಿಂದು, ಚೆನ್ನಾಗಿದೆ ಎಂದ. ಗಂಡಸರ ಕಡೆ ನೋಡಿ ಮುಗಿಸಿ ಹೆಂಗಸರ ಕಡೆ ಬಂದ. ಸಾಲಾಗಿ ನಿಂತಿದ್ದರು. ಅಧಿಕಾರಿ ಅವನ ಹಿಂದೆಯೇ ಕೈಕಟ್ಟಿ ನಿಂತಿದ್ದ, ನಿಯಮದ ಪ್ರಕಾರ. ವ್ಯಾಪಾರಿ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಎಲ್ಲರೂ ಒಂದೇ ಮಾತು ಹೇಳಿದರು. ಎಲ್ಲ ಚೆನ್ನಾಗಿದೆ ಸ್ವಾಮಿ, ಎಲ್ಲ ಚೆನ್ನಾಗಿದೆ.

ಸಾಲಿನ ಕೊನೆಯಲ್ಲಿ ಒಬ್ಬಳು ಕುಂಬಾರಗಿತ್ತಿ ನಿಂತಿದ್ದಳು.

“ನೀನು ಏನು ತಪ್ಪು ಮಾಡಿ ಬಂದೆಯಮ್ಮ?” ಎಂದು ವ್ಯಾಪಾರಿ ಕೇಳಿದ.

“ತಪ್ಪು ಮಾಡಿಲ್ಲ ಸ್ವಾಮಿ. ನಾನು ಸಾಕ್ಷಿ ಹೇಳಬೇಕಾದವಳು.”

ಆಗಿದ್ದು ಇಷ್ಟು. ಕೆರೆಯಂಗಳದ ಮಣ್ಣು ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಅವಳ ಗಂಡನನ್ನು ಒಬ್ಬ ಹೊಡೆದು ಕೊಂದಿದ್ದ. ಕಣ್ಣಾರೆ ಕಂಡವಳು ಇವಳೊಬ್ಬಳೇ. ಸಾಕ್ಷಿ ಹೇಳಲು ಕರೆದರು, ಹೋದಳು. ನ್ಯಾಯಾಲಯದ ಪಡಸಾಲೆಯಲ್ಲಿ ಕೂರುವುದಕ್ಕೆ ಇದ್ದದ್ದು ಒಂದೇ ಬೆಂಚು. ಕೊಂದವನೂ ಅವನ ಕಡೆಯವರೂ ಅದರ ಮೇಲೆ ಕುಳಿತಿದ್ದರು. ಗಂಡನನ್ನು ಕೊಂದವನ ಮಗ್ಗುಲಿಗೆ ಹೋಗಿ ಕೂರುವುದಕ್ಕಾಗುತ್ತದೆಯೇ? ಹೆದರಿ ಹಿತ್ತಲಿಗೆ ಹೋಗಿ ಹುಣಸೆ ಮರದ ಬುಡದಲ್ಲಿ ಕುಳಿತಳು. ಒಳಗಿನಿಂದ ಮೂರು ಸಲ ಹೆಸರು ಕೂಗಿದರು. ಇವಳಿಗೆ ಕೇಳಿಸಲಿಲ್ಲ. ಕರೆದಾಗ ಬಾರದವಳು ಓಡಿಹೋದಾಳು ಎಂದು ಮುಂದಿನ ವಿಚಾರಣೆಯವರೆಗೆ ಅವಳನ್ನು ತಂದು ಸೆರೆಮನೆಯಲ್ಲಿಟ್ಟರು. ಕೊಂದವನು ಜಾಮೀನಿನ ಮೇಲೆ ಮನೆಯಲ್ಲಿದ್ದ.

“ಇದೆಂಥ ಅನ್ಯಾಯ, ಬುದ್ಧಿ!” ಎಂದ ಚನ್ನವೀರ.

“ಮುಖ ಗಂಟಿಕ್ಕಬೇಡ ಮಾರಾಯ,” ಎಂದರು ಗುರುಗಳು. “ನಿಮ್ಮ ಊರಿನ ಕೋರ್ಟಿನ ಮುಂದೆ ಎಷ್ಟು ಬೆಂಚುಗಳಿವೆ ಎಂದು ನೋಡಿದ್ದೀಯಾ?”

ಚನ್ನವೀರ ತಲೆ ತಗ್ಗಿಸಿ ಬಿದಿರು ಸೀಳಿದ. ಗುರುಗಳು ಮುಂದುವರಿಸಿದರು.

ವ್ಯಾಪಾರಿಗೆ ಅಯ್ಯೋ ಅನ್ನಿಸಿತು. ಆದರೆ ಅವನು ಬಂದದ್ದು ಸೆರೆಮನೆ ನೋಡುವುದಕ್ಕೆ. ಬೆಂಚಿನ ಮಾತು ಸಣ್ಣದು, ಅದನ್ನು ಸಭೆಯಲ್ಲಿ ಎತ್ತಿದರೆ ನಕ್ಕಾರು ಎಂದುಕೊಂಡು ಬಿಟ್ಟುಬಿಟ್ಟ.

“ಅದಿರಲಿ. ಇಲ್ಲಿ ಏನಾದರೂ ತೊಂದರೆ ಇದೆಯೇ ತಾಯಿ?” ಎಂದು ಕೇಳಿದ.

ಅವಳು ಅವನ ಹಿಂದೆ ನಿಂತಿದ್ದ ಅಧಿಕಾರಿಯನ್ನು ನೋಡಿದಳು. ಆಮೇಲೆ ಇವನನ್ನು ನೋಡಿದಳು.

“ಇಲ್ಲ ಸ್ವಾಮಿ. ಎಲ್ಲ ಚೆನ್ನಾಗಿದೆ. ನಾಳೆ ಬನ್ನಿ.”

“ನಾಳೆ ಯಾಕಮ್ಮ? ಇವತ್ತೇ ಬಂದಿದ್ದೇನಲ್ಲ.”

“ನಾಳೆ ಒಂದು ಸಲ ಬನ್ನಿ ಸ್ವಾಮಿ. ಕೈ ಮುಗಿಯುತ್ತೇನೆ.”

ವ್ಯಾಪಾರಿ ನಕ್ಕ. ಅಧಿಕಾರಿಯೂ ನಕ್ಕ. ಅಲ್ಲಿಗೆ ಆ ವರ್ಷದ ಪರಿಶೀಲನೆ ಮುಗಿಯಿತು.

ಮಾರನೆಯ ದಿನ ವ್ಯಾಪಾರಿಯ ಅಂಗಡಿಗೆ ಹೊಸ ಗಂಟುಗಳು ಬಂದವು. ಸಂಜೆಯವರೆಗೂ ಅಡಿಯಿಂದ ಪದರ ಎಳೆದು ನೋಡುತ್ತ ಕುಳಿತಿದ್ದ. ಸೆರೆಮನೆ ಅವನ ಅಂಗಡಿಯಿಂದ ಎರಡೇ ಬೀದಿ ಆಚೆಗಿತ್ತು.

ಆಮೇಲೆ ವರದಿ ಬರೆದ. ನೆಲ ಚೊಕ್ಕಟ, ಊಟ ಚೆನ್ನಾಗಿದೆ, ಯಾರಿಗೂ ದೂರಿಲ್ಲ ಎಂದು ಬರೆದ. ಕೊನೆಗೆ ಒಂದು ಮಾತು ಸೇರಿಸಿದ: “ನಾವು ಹೋದದ್ದು ಒಳಗಿದ್ದವರಿಗೆ ಎಷ್ಟು ಸಂತೋಷವಾಯಿತೆಂದರೆ, ಒಬ್ಬ ಹೆಂಗಸು ನಾಳೆಯೂ ಬನ್ನಿ ಎಂದು ಕೈ ಮುಗಿದು ಕೇಳಿಕೊಂಡಳು.” ಸಭೆಯಲ್ಲಿ ಓದಿದಾಗ ಎಲ್ಲರಿಗೂ ಖುಷಿಯಾಯಿತು. ಚಪ್ಪಾಳೆ ತಟ್ಟಿದರು. ನೋಡಿದ್ದನ್ನು ನೋಡಿದ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದ, ನೋಡು ಚನ್ನವೀರ. ಅದರಲ್ಲಿ ಅವನು ಬೇಕೆಂದು ಸೇರಿಸಿದ ಸುಳ್ಳು ಒಂದಕ್ಷರವೂ ಇರಲಿಲ್ಲ.

ವರ್ಷ ಕಳೆಯಿತು. ಇಷ್ಟು ಚೆನ್ನಾಗಿ ವರದಿ ಬರೆದವನು ಎಂದು ಮತ್ತೆ ಅವನನ್ನೇ ಕಳಿಸಿದರು. ಮತ್ತೆ ಡಂಗುರ, ಮತ್ತೆ ಚಾಪೆ, ಮತ್ತೆ ಸಾಲು. ಸಾಲಿನ ಕೊನೆಗೆ ಬಂದಾಗ ಅವನಿಗೆ ಆ ಹೆಂಗಸಿನ ನೆನಪಾಯಿತು. ಅವಳಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು.

“ಆ ಕುಂಬಾರಗಿತ್ತಿಗೆ ಬಿಡುಗಡೆಯಾಯಿತೇ?” ಎಂದು ಅಧಿಕಾರಿಯನ್ನು ಕೇಳಿದ.

“ತೀರಿಕೊಂಡಳು ಸ್ವಾಮಿ. ಜ್ವರ ಬಂದಿತ್ತು. ಹೋದ ವರ್ಷ ನೀವು ಬಂದು ಹೋದ ನಾಲ್ಕನೆಯ ದಿನ.”

ವ್ಯಾಪಾರಿ ಮನೆಗೆ ಬಂದ. ಊಟ ಸೇರಲಿಲ್ಲ. ನಾಳೆ ಬನ್ನಿ ಎಂದಿದ್ದಳಲ್ಲ, ನಾಳೆ ಬನ್ನಿ ಎಂದಿದ್ದಳಲ್ಲ ಎಂದು ಅದೇ ಮಾತು ತಲೆಯಲ್ಲಿ ಸುತ್ತತೊಡಗಿತು. ಬೆಳಗಾದ ಮೇಲೆ ಅಂಗಡಿ ತೆರೆಯಲಿಲ್ಲ. ಶಾಲು ಹೊದೆಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಒಬ್ಬನೇ ನಡೆದು ಸೆರೆಮನೆಗೆ ಹೋದ.

ಕಾವಲಿನವನು ಗಾಬರಿಯಾದ. “ನಿನ್ನೆಯೇ ಬಂದಿದ್ದಿರಲ್ಲ ಸ್ವಾಮಿ?”

“ಇವತ್ತೂ ಬಂದಿದ್ದೇನೆ. ಬಾಗಿಲು ತೆಗೆ.”

ಸಭೆಯವನು ಬಂದರೆ ತೆಗೆಯಬೇಕು. ತೆಗೆದ. ಅಧಿಕಾರಿ ಇನ್ನೂ ಮನೆಯಿಂದ ಬಂದಿರಲಿಲ್ಲ.

ಒಳಗೆ ಇಬ್ಬರು ಆಳುಗಳು ಹೊಸ ಚಾಪೆಗಳನ್ನು ಸುತ್ತಿ ಗಾಡಿಗೆ ಹೇರುತ್ತಿದ್ದರು. ಹರಿವಿಗಳು ಆಗಲೇ ಗಾಡಿಯಲ್ಲಿದ್ದವು. ಅನ್ನ ಬೇಯಿಸಿದ್ದ ಪಾತ್ರೆಯೂ ಇತ್ತು. ಹೆಂಗಸರು ಬರಿಯ ಕಲ್ಲಿನ ಮೇಲೆ ಕುಳಿತಿದ್ದರು, ಮುಂದೆ ನೀರಿನಂಥ ಗಂಜಿ. ಒಬ್ಬಳ ತುಟಿ ಒಡೆದಿತ್ತು. ನಿನ್ನೆ ಸಾಲಿನಲ್ಲಿ ಅವಳು ಉತ್ತರ ಕೊಡುವುದಕ್ಕೆ ಸ್ವಲ್ಪ ತಡಮಾಡಿದ್ದಳು.

ವ್ಯಾಪಾರಿ ಒಬ್ಬ ಮುದುಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. “ಆ ಹೆಂಗಸಿಗೆ ಏನಾಯಿತಮ್ಮ? ಯಾರೂ ಇಲ್ಲ, ಹೇಳು.”

ಮುದುಕಿ ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು. “ಅವಳ ಗಂಡನನ್ನು ಕೊಂದವನು ಯಾರು ಎಂದು ನೀವು ಕೇಳಿದಿರಾ ಸ್ವಾಮಿ? ನಮ್ಮ ಅಧಿಕಾರಿಗಳ ಹೆಂಡತಿಯ ತಮ್ಮ. ಅವರ ಮುಂದೆಯೇ ಅವಳು ಅದನ್ನು ಹೇಗೆ ಹೇಳಬೇಕಾಗಿತ್ತು? ಸಾಕ್ಷಿ ಹೇಳಕೂಡದು ಎಂದು ದಿನಾ ಹೊಡೆತ. ನೀವು ಬರುವ ವಾರ ಮಾತ್ರ ಹೊಡೆಯಲಿಲ್ಲ. ನೀವು ಹೋದ ಮಾರನೆಯ ದಿನ ಬೆಳಗಿನಿಂದ ಬಾಗಿಲ ಕಡೆಗೆ ಮುಖ ಮಾಡಿ ಕುಳಿತುಬಿಟ್ಟಳು. ಗಂಜಿಗೂ ಏಳಲಿಲ್ಲ. ಬರುತ್ತಾರೆ, ಒಳ್ಳೆಯವರ ಹಾಗೆ ಕಂಡರು ಅಂತಿದ್ದಳು. ಸಂಜೆಗೆ ಅಧಿಕಾರಿಗಳು ಬಂದರು. ನಾಳೆ ಬನ್ನಿ ಅಂದೆಯಲ್ಲ, ಅವರಿಗೆ ಏನು ತೋರಿಸಬೇಕು ಅಂತಿದ್ದೆ ಎಂದು ಕೇಳಿ ಕೇಳಿ ಹೊಡೆದರು. ಆಮೇಲೆ ಅವಳು ಏಳಲೇ ಇಲ್ಲ.”

ವ್ಯಾಪಾರಿ ಆ ಬಾಗಿಲ ಕಡೆ ತಿರುಗಿ ನೋಡಿದ.

“ಅವಳು ಹೇಳಿದ್ದು ಅವರಿಗೆ ಅರ್ಥವಾಗಿತ್ತು ಸ್ವಾಮಿ,” ಎಂದಳು ಮುದುಕಿ. “ನಿಮಗೆ ಆಗಲಿಲ್ಲ.”

ವ್ಯಾಪಾರಿ ಆ ಕಲ್ಲಿನ ಮೇಲೆಯೇ ಕುಸಿದು, ಹೆಂಗಸರ ಮುಂದೆ ನಾಚಿಕೆ ಬಿಟ್ಟು ಅತ್ತ. ಅವನು ಮರ್ಯಾದಸ್ಥ ಅಂದೆನಲ್ಲ. ಕಣ್ಣೊರೆಸಿಕೊಂಡು ಎದ್ದು, ನೇರ ಸಭೆಗೆ ಹೋಗಿ, ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದ. ಹಳೆಯ ವರದಿಯನ್ನು ತಾನೇ ಹರಿದುಹಾಕಿದ. ಸಭೆಯವರೂ ಸುಮ್ಮನೆ ಕೂರಲಿಲ್ಲ. ಅಧಿಕಾರಿಯನ್ನು ಹಿಡಿದು ವಿಚಾರಣೆಗೆ ನಿಲ್ಲಿಸಿದರು. ಎದುರಿಗೇ ದೂರು ಹೇಳಬೇಕೆಂಬ ನಿಯಮ ತೆಗೆದರು. ಡಂಗುರ ನಿಲ್ಲಿಸಿದರು. ಸಾಕ್ಷಿಗಳು ಕೂರಲು ನ್ಯಾಯಾಲಯದಲ್ಲಿ ಬೇರೆ ಕೋಣೆ ಕಟ್ಟಿಸಿದರು, ಹೆಸರು ಕೂಗುವ ಬದಲು ಒಬ್ಬರು ಹೋಗಿ ಕರೆದುಕೊಂಡು ಬರಬೇಕು ಎಂದರು. ಮಾಡಬೇಕಾದ್ದನ್ನೆಲ್ಲ ಮಾಡಿದರು.

ಕುಂಬಾರನನ್ನು ಕೊಂದವನಿಗೆ ಮಾತ್ರ ಶಿಕ್ಷೆಯಾಗಲಿಲ್ಲ. ಕಂಡವಳು ಇರಲಿಲ್ಲವಲ್ಲ.

ಗುರುಗಳು ಕತೆ ನಿಲ್ಲಿಸಿ, ಹಚ್ಚಿದ ಎಲೆಯನ್ನು ಪಕ್ಕಕ್ಕಿಟ್ಟರು. ಚನ್ನವೀರನ ಕಣ್ಣು ತುಂಬಿತ್ತು. ಅವನು ಕರಡನ್ನು ಎರಡಾಗಿ ಮಡಿಚಿ ಜೇಬಿಗೆ ಹಾಕಿಕೊಂಡ.

“ಅರ್ಥವಾಯಿತು ಬುದ್ಧಿ. ನಾನು ಇದಕ್ಕೆ ಸಹಿ ಹಾಕುವುದಿಲ್ಲ. ನನ್ನ ಒಪ್ಪಿಗೆ ಇಲ್ಲ ಎಂದು ಬೇರೆಯೇ ಟಿಪ್ಪಣಿ ಬರೆಯುತ್ತೇನೆ. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತೇನೆ. ಯಾರು ಬೇಡವೆಂದರೂ ಬಿಡುವುದಿಲ್ಲ.”

“ಒಳ್ಳೆಯದು. ಅಧಿವೇಶನ ಯಾವಾಗ?”

“ಇನ್ನು ಎರಡು ತಿಂಗಳಿಗೆ.”

“ಆ ಮನುಷ್ಯ ನಿನ್ನ ಮುಖ ನೋಡುತ್ತ ನಿಂತದ್ದು ಯಾವಾಗ?”

“ನಿನ್ನೆ, ಬುದ್ಧಿ.”

ಗುರುಗಳು ಅವನ ಕೈಯಿಂದ ಬಿದಿರನ್ನೂ ಕತ್ತಿಯನ್ನೂ ತೆಗೆದುಕೊಂಡು ಹೇಳಿದರು:

“ಹಾಗಾದರೆ ಇವತ್ತು ನೀನು ಇಲ್ಲಿ ಯಾಕೆ ಕೂತಿದ್ದೀಯಪ್ಪ?”