ಅವ್ವನ ಮಂಡಿಗೆ ಜೇನು ತಂದ ರಾಚ

ಹೂಂ ಅಂತಿರಬೇಕು ನೀವು. ಹೂಂ ಅನ್ನೋದು ನಿಂತ್ರೆ ಕತೇನೂ ನಿಲ್ತದೆ, ಆಮೇಲೆ ನನ್ನ ಬೈಬೇಡಿ.

ಚಿಕ್ಕತಾಯವ್ವ ಅಂತ ಒಬ್ಬ ಮುದುಕಿ. ಅವಳಿಗೆ ರಾಚ ಅಂತ ಒಬ್ಬ ಮಗ. ಆಳು ನೋಡಿದ್ರೆ ತೊಲೆ ಹೊರೋ ಹಂಗಿದ್ದ, ತಲೇಲಿ ಮಾತ್ರ ಬರೀ ಹೊಟ್ಟು. ಹಂಗಂತ ಮಾತು ಕೇಳದ ಮಗ ಅಲ್ಲ ಕಣ್ರಪ್ಪಾ! ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ಬಂದ ಕಷ್ಟವೇ ಅದು. "ಅಷ್ಟೇ ತಾನೆ? ನಾನಿದ್ದೀನಲ್ಲ ಬಿಡವ್ವಾ!" ಅಂತ ಎದೆ ತಟ್ಕೊಂಡು ಹೊರಡೋನು. ಅವ್ವ ಹಣೆ ಹಣೆ ಚಚ್ಕೊಳ್ಳೋಳು.

ಈ ಅವ್ವನಿಗೆ ಮಂಡಿನೋವು. ವರ್ಷಗಟ್ಟಲೆಯಿಂದ ಹಿಡಿದದ್ದು ಬಿಡ್ತಾನೇ ಇಲ್ಲ. ಎಣ್ಣೆ ತಿಕ್ಕಿದ್ದಾಯ್ತು, ಸೊಪ್ಪು ಕಟ್ಟಿದ್ದಾಯ್ತು, ದೊಡ್ಡಾಸ್ಪತ್ರೆ ಮಾತ್ರೆ ನುಂಗಿದ್ದಾಯ್ತು. ಬಚ್ಚಲಿಗೆ ಹೋಗೋಕೂ ಗೋಡೆ ಹಿಡೀಬೇಕು. ಅತ್ತ ಮಗಳು ಚೆಲುವಿಗೆ ದಿನ ತುಂಬಿದೆ. ಗಂಡನ ಮನೇಲಿ ಹೆಂಗಸು ಅಂತ ಇನ್ನೊಬ್ಬರಿಲ್ಲ. "ನಾನು ಹೋಗದಿದ್ರೆ ಅವಳ ಬಾಣಂತನ ಯಾರು ಮಾಡ್ತಾರೆ? ಹೆಂಗಾದ್ರೂ ನಾನು ಎದ್ದು ನಡೀಬೇಕು!" ಅಂತ ಅವ್ವ ದಿನಾ ಕಣ್ಣೀರು ಹಾಕೋಳು.

ಹೊಳೆಯಾಚೆ ಮಾಲಿಂಗಪ್ಪ ಪಂಡಿತ ಅಂತ ಒಬ್ಬ ಇದ್ದ. ಪೆಟ್ಟಿಗೇಲಿ ಜೇನು ಸಾಕೋನು, ನೋವಿದ್ದೋರಿಗೆ ಜೇನುಹುಳ ಕಚ್ಚಿಸಿ ಔಷಧಿ ಮಾಡೋನು. ಹುಳದ ವಿಷ ಇಳಿದ್ರೆ ಹಿಡಿದ ಕೀಲು ಬಿಡ್ತದೆ ಅಂತ ಅವನ ಮಾತು. ಅವ್ವನಿಗೆ ಆಸೆ ಹುಟ್ತು.

"ರಾಚಾ, ಪಂಡಿತರ ಹತ್ರ ಒಂದೆರಡು ಹುಳ ಇಸ್ಕೊಂಡು ಬಾರಪ್ಪ. ತಂದು ನನ್ನ ಕಣ್ಣೆದುರಿಗೇ ಮುಚ್ಚಳ ತೆಗಿ."

"ಅಷ್ಟೇ ತಾನೆ? ನಾನಿದ್ದೀನಲ್ಲ!"

ಹೋದ. ಪುಟ್ಟ ಪೆಟ್ಟಿಗೇಲಿ ಇಸ್ಕೊಂಡ. ಬಂದ. ಅವ್ವನ ಕಣ್ಣೆದುರಿಗೇ ಮುಚ್ಚಳ ತೆಗೆದ. ಹುಳ ಬುರ್ರಂತ ಹಾರಿ ಕಿಟಕಿ ದಾಟಿ ಹೋದ್ವು.

"ಅಯ್ಯೋ ಪೆದ್ದ ಮುಂಡೇದೇ! ಬಾಗಿಲು ಕಿಟಕಿ ಹಾಕದೆ ತೆಗೀತಾರೇನೋ? ಕಂಬಳಿ ಸುತ್ತಿ, ಹಗ್ಗ ಬಿಗಿದು ತರಬೇಕು. ಮನೆ ಸೇರಿ ಬಾಗಿಲು ಹಾಕೋವರೆಗೂ, ಒಳಗೆ ಎಷ್ಟೇ ಗುಂಯ್‌ಗುಟ್ಲಿ, ಬಿಚ್ಚಬಾರದು!"

"ಅಷ್ಟೇ ತಾನೆ? ಮೊದಲೇ ಹೇಳಬಾರದಾ?"

"ನಿನ್ನ ಕೈಲಿ ಹುಳ ತರಿಸಿದ್ದು ಸಾಕು. ನಾಳೆ ಪಂಡಿತರನ್ನೇ ಕರ್ಕೊಂಡು ಬಾ."

ಮಾರನೇ ದಿನ ರಾಚ ಹೋಗಿ ಕರೆದ. ಪಂಡಿತ ಪಂಚೆ ಸರಿ ಮಾಡ್ಕೊಂಡು ಹೊರಗೆ ಬಂದ. ಬಂದವನ ಮೇಲೆ ರಾಚ ಕಂಬಳಿ ಹಾಕಿ ಸುತ್ತಿದ! ಹಗ್ಗ ಬಿಗಿದ! ಎತ್ತಿ ಹೆಗಲ ಮೇಲೆ ಹಾಕ್ಕೊಂಡ!

"ಲೋ, ಇಳಿಸೋ! ಉಸಿರು ಕಟ್ತಾ ಇದೆ ಕಣೋ!"

"ಎಷ್ಟೇ ಗುಂಯ್‌ಗುಟ್ಟಿ ಪಂಡಿತರೇ, ಬಿಚ್ಚಬಾರದು ಅಂದವಳೆ ಅವ್ವ!"

ಹೊಳೆ ದಾಟಿಸಿ, ಮನೆಗೆ ತಂದು, ಬಾಗಿಲು ಹಾಕಿ ಆಮೇಲೆ ಬಿಚ್ಚಿದ. ಪಂಡಿತ ಅಗಳಿ ಕಿತ್ತು ಓಡಿದ ಓಟ, ಒಂದು ಚಪ್ಪಲಿ ಇಲ್ಲೇ ಉಳೀತು.

"ಹಾಳಾದವನೇ! ಮನೆಗೆ ಬಂದೋರನ್ನ ಹಂಗಾ ನೋಡ್ಕೊಳ್ಳೋದು? ಮಣೆ ಹಾಕಿ ಕೂರಿಸಿ, ತಂಬಿಗೆ ತುಂಬ ನೀರು ಕೊಟ್ಟು, ಬೆಲ್ಲ ಇಡಬೇಕು! ಹೋಗು, ಪಂಡಿತರ ಕಾಲಿಗೆ ಬಿದ್ದು, ಹುಳಾನಾದ್ರೂ ಕೊಡಿ ಅಂತ ಕೇಳ್ಕೊಂಡು ಬಾ."

ಪಂಡಿತ ಬಾಗಿಲು ತೆಗೀಲಿಲ್ಲ, ಕಿಟಕಿಯಿಂದಲೇ ಪೆಟ್ಟಿಗೆ ಕೊಟ್ಟ. ರಾಚ ಮನೆಗೆ ಬಂದವನೇ ಮಣೆ ಹಾಕಿ ಪೆಟ್ಟಿಗೆ ಕೂರಿಸಿದ. ಬೆಲ್ಲದಚ್ಚು ಒಳಗಿಟ್ಟ. ಒಂದು ತಂಬಿಗೆ ನೀರೂ ಪೆಟ್ಟಿಗೆಯೊಳಕ್ಕೆ ಸುರಿದ. ಅವ್ವ ಇಣುಕಿ ನೋಡಿದ್ರೆ ಹುಳ ಎಲ್ಲಾ ಪಾನಕದಲ್ಲಿ ತೇಲ್ತಾ ಅವೆ!

"ಹುಳಕ್ಕೇನೋ ಉಪಚಾರ! ಅವಕ್ಕೆ ಕೋಪ ಬಂದ್ರೆ ತಾನೆ ಕಚ್ಚೋದು? ಕಡ್ಡೀಲಿ ತಿವಿದು, ಕೆಣಕಿ ಕೆಣಕಿ, ಕೆಂಡದಂಥ ಕೋಪ ಬರಿಸಬೇಕು ಕಣೋ!"

"ಅಷ್ಟೇ ತಾನೆ?"

ಅಷ್ಟು ಹೊತ್ತಿಗೆ ಚೆಲುವಿಯ ಮಾವ ದ್ಯಾವಪ್ಪನ ಗಾಡಿ ಊರ ಮುಂದೆ ಬಂತು ಅಂತ ಯಾರೋ ಕೂಗಿದ್ರು. "ಬೀಗರು ಬಂದ್ರಂತೆ, ಹೋಗಿ ಕರ್ಕೊಂಡು ಬಾ" ಅಂದ್ಲು ಅವ್ವ. ರಾಚ ಬೇಲಿಯಿಂದ ಒಂದು ಕಡ್ಡಿ ಮುರ್ಕೊಂಡ. ಬೀಗರ ಪಕ್ಕೆಗೆ ಒಂದು ತಿವಿದ. "ಏನ್ ಮಾವ, ಮೀಸೆ ಹಳೇ ಪೊರಕೆ ಹಂಗದೆ!" ಇನ್ನೊಂದು ತಿವಿದ. "ನಿನಗಿಂತ ನಿನ್ನ ಎತ್ತೇ ಲಕ್ಷಣವಾಗದೆ!" ದಾರಿಯುದ್ದಕ್ಕೂ ತಿವಿದ, ದಾರಿಯುದ್ದಕ್ಕೂ ಕೆಣಕಿದ. ಬೀಗನ ಕಣ್ಣು ಕೆಂಪಾದ್ವು. ರಾಚನಿಗೆ ಖುಷಿಯೋ ಖುಷಿ. "ಅವ್ವಾ, ತಗೋ! ಕೆಂಡದಂಥ ಕೋಪ ಬರಿಸಿ ತಂದಿದ್ದೀನಿ!"

"ಇಂಥ ಮನೆಯಿಂದ ಹೆಣ್ಣು ತಂದೆನಲ್ಲಾ!" ಅಂತ ಬೀಗ ಗುಡುಗಿದ. "ಸೊಸೆಗೆ ಇವತ್ತೋ ನಾಳೆಯೋ ಅನ್ನೋ ಹಂಗದೆ. ಎತ್ತಿಗೆ ನೀರು ಕುಡಿಸಿ ಹೊರಡ್ತೀನಿ. ನಿಮ್ಮ ಕೈಲಿ ಬರೋಕಾದ್ರೆ ಬನ್ನಿ, ಇಲ್ದಿದ್ರೆ ಇಲ್ಲ!"

ಅವ್ವ ಏಳೋಕೆ ನೋಡಿದ್ಲು. ಮಂಡಿ ಏಳೋಕೆ ಬಿಡ್ಲಿಲ್ಲ. ಕುಸಿದು ಕೂತು, ಮಗನ್ನ ನೋಡಿ ಅತ್ಲು. "ಮಂಡಿನೋವೂ ಒಂದು ನೋವೇನೋ? ನನಗಿರೋ ನೋವು ಅಂದ್ರೆ ನೀನು ಕಣೋ, ನೀನು!"

ಇಷ್ಟು ದಿನ ನೋವಿರೋದು ಮಂಡೀಲಿ ಅಂತ ತಿಳಿದಿದ್ನಲ್ಲಾ ರಾಚ, ಪಾಪ! ಒಂದೇ ಉಸಿರಿಗೆ ಪಂಡಿತನ ಮನೆಗೆ ಓಡಿದ. ಪಂಡಿತ ಕಿಟಕಿಯಿಂದ ಪೆಟ್ಟಿಗೆ ತಳ್ಳಿ, "ಎಲ್ಲಿ ನೋವೋ ಅಲ್ಲಿ ಕಚ್ಚಿಸು ಮಾರಾಯ, ಇತ್ತ ಬರಬೇಡ!" ಅಂದ.

ರಾಚ ಹಿತ್ತಿಲಿಗೆ ಬಂದು ಕೂತ. ಕಣ್ಣು ಮುಚ್ಕೊಂಡ. ಪೆಟ್ಟಿಗೆ ಬಾಯಿ ತೆಗೆದು ತನ್ನ ಮುಖಕ್ಕೇ ಹಿಡ್ಕೊಂಡ.

"ಅವ್ವಾ! ಸತ್ನಲ್ಲವ್ವೋ!"

ಆ ಕೂಗು ಕೇಳಿದ್ದೇ ತಡ, ಅವ್ವ ಎದ್ಲು! ಗೋಡೆ ಹಿಡೀಲಿಲ್ಲ, ಕೋಲು ಹಿಡೀಲಿಲ್ಲ, ಹೊಸಿಲು ದಾಟಿ ಓಡಿದ್ಲು. ಮಗನ ಕೆನ್ನೆ, ಮೂಗು, ಕಿವಿಯಿಂದ ಮುಳ್ಳು ಕೆರೆದು ತೆಗೆದ್ಲು.

"ಯಾಕೋ ಕಂದಾ ಹಿಂಗೆ ಮಾಡ್ಕೊಂಡೆ?"

"ನಿನ್ನ ನೋವು ನಾನು ಅಂದ್ಯಲ್ಲ. ಅದಕ್ಕೇ ನನಗೇ ಕಚ್ಚಿಸ್ದೆ. ಕಮ್ಮಿ ಆಯ್ತಾ ಅವ್ವಾ?"

ಅವ್ವ ಅವನ ತಲೆ ಎದೆಗೆ ಒತ್ಕೊಂಡು, "ಆಯ್ತು ಕಣಪ್ಪಾ, ಆಯ್ತು" ಅಂತ ಅತ್ಲು.

ಕೂಗು ಕೇಳಿ ಹಿತ್ತಿಲಿಗೆ ಬಂದಿದ್ದ ಬೀಗನ ಕೋಪ ಎತ್ಲಾಗೋ ಹೋಯ್ತು. "ಬೀಗಿತೀ, ನೀವು ಓಡಿದ್ರಲ್ಲಾ!" ಅಂದ. ಹೌದಲ್ಲಾ! ಹುಳ ಕಚ್ಚಿದ್ದು ಮಗನಿಗೆ, ಎದ್ದಿದ್ದು ಅವ್ವ. ನನ್ನ ಔಷಧೀನೇ ಅದು ಅಂತ ಪಂಡಿತ ಸಾಯೋವರೆಗೂ ಹೇಳ್ಕೊಂಡ. ಮಂಡಿ ಆಮೇಲೂ ನೋಯ್ತಿತ್ತು ಅಂತ ಅವ್ವ ಹೇಳ್ತಿದ್ಲು. ಇರಲಿ, ಮುದುಕಿ ಗಾಡಿ ಹತ್ತಿದ್ಲು.

ಮಗಳ ಮನೆ ಸೇರೋ ಹೊತ್ತಿಗೆ ಸೂಲಗಿತ್ತಿ ಬಾಗಿಲಲ್ಲೇ ಕೂಗಿದ್ಲು, "ಬೇಗ ಬಾರವ್ವಾ, ನೋವು ಜೋರಾಗಿ ಬರ್ತಾ ಅವೆ!" ಅವ್ವ ಸೆರಗು ಕಟ್ಟಿ ಒಳಗೆ ನುಗ್ಗಿದ್ಲು. ಗಾಡಿ ಹಿಂದೇನೇ ಓಡಿ ಬಂದಿದ್ದ ರಾಚನ ಕಿವಿಗೂ ಆ ಮಾತು ಬಿತ್ತು. ಮುಖ ಕುಂಬಳಕಾಯಿ ಆಗಿತ್ತು, ಕಂಕುಳಲ್ಲಿ ಪೆಟ್ಟಿಗೆ ಇತ್ತು. ಹೆಂಗಸರನ್ನೆಲ್ಲಾ ತಳ್ಕೊಂಡು ಬಾಗಿಲಿಗೆ ಬಂದ.

"ಚೆಲುವಕ್ಕಾ, ಹೆದರಬೇಡ! ನೋವು ಎಲ್ಲಿ ಅಂತ ತೋರಿಸು, ಹುಳ ಇನ್ನೂ ಉಳಿದವೆ!"

ಚೆಲುವಿ ಕಿಟಾರನೆ ಕಿರುಚಿದ ರಭಸಕ್ಕೆ ಕೂಸು ಬಂದು ಅವ್ವನ ಕೈ ಸೇರ್ತು.