ಬಚ್ಚಲ ಹಿಂದಿನ ಕೆಂಪು ಹಣ್ಣು

ಕೇಳಿ ಮಕ್ಕಳೇ, ಅಳೋದಾದರೆ ಆಮೇಲೆ ಅಳಿ. ಕಲ್ಲುಬೆಟ್ಟದ ಮೇಲೊಂದು ಕೋಟೆ. ಅಲ್ಲೊಬ್ಬ ರಾಜ. ಶತ್ರುಗಳು ಸುತ್ತ ಬೀಡುಬಿಟ್ಟು, ಕೋಟೆ ಬಾಗಿಲು ಮುಚ್ಚಿ ವರ್ಷವಾಗಿತ್ತು. ಕಣಜದಲ್ಲಿ ರಾಗಿ ಇತ್ತು, ಉಪ್ಪು ಇತ್ತು. ಸೊಪ್ಪು, ಹಣ್ಣು ಮಾತ್ರ ಇರಲಿಲ್ಲ. ಜನರ ವಸಡಿನಲ್ಲಿ ರಕ್ತ ಒಸರಿತು, ಕಾಲು ಸೋತವು, ಗಾಯ ಮಾಯಲಿಲ್ಲ. ರಾಜನ ಒಬ್ಬಳೇ ಮಗಳು ಪುಟ್ಟಮ್ಮಣ್ಣಿ ಹಾಸಿಗೆ ಹಿಡಿದಳು.

ಅರಮನೆಯ ಬಚ್ಚಲ ನೀರು ಹರಿಯುವಲ್ಲಿ ಹತ್ತು ಗಿಡ ತಾವಾಗಿಯೇ ಹುಟ್ಟಿದ್ದವು. ಗೋಲಿಯಷ್ಟು ಹಣ್ಣು, ಕೆಂಪಗೆ, ಗೊಂಚಲು ಗೊಂಚಲು. ಈಗ ಪೇಟೆಯಲ್ಲಿ ಚೆರ್ರಿ ಟೊಮೆಟೊ ಅಂತ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಅದೇ. ಆದರೆ ಬಚ್ಚಲ ನೀರು ಕುಡಿದದ್ದು ಮೈಲಿಗೆ, ಅಡುಗೆಮನೆ ಹೊಸಿಲು ದಾಟುವಂತಿಲ್ಲ. ಅದರ ಮೇಲೆ ರಾಜವೈದ್ಯ ತಿರುಮಲಪಂಡಿತ ಇನ್ನೊಂದು ಮಾತು ಸೇರಿಸಿದ: "ಅದು ವಿಷ." ಎಲ್ಲರೂ ನಂಬಿದರು. ಪಾತ್ರೆ ತೊಳೆಯುವ ದೇವೀರಜ್ಜಿ ಮಾತ್ರ ನಂಬಲಿಲ್ಲ. ದಿನಾ ನಾಲ್ಕು ತಿಂದು ಗಟ್ಟಿಮುಟ್ಟಾಗಿದ್ದಳು.

ಮೊದಲ ದಿನ ಅಜ್ಜಿ ಹುಡುಗಿಗೆ ಒಂದು ಬೊಗಸೆ ಹಣ್ಣು ಒಯ್ದಳು. ಹುಡುಗಿ ಎದ್ದು ಕೂತು ಕೈ ಚಾಚಿದಳು. ಪಂಡಿತ ಬಿಸಾಡಿದ. ಎರಡನೆಯ ದಿನ ಒಯ್ದಳು. ಹುಡುಗಿ ಮಲಗಿದಲ್ಲೇ ಕತ್ತು ಹೊರಳಿಸಿದಳು. ಪಂಡಿತ ಬಿಸಾಡಿದ. ಮೂರನೆಯ ದಿನ ಒಯ್ದಳು. ಹುಡುಗಿ ಕಣ್ಣು ಬಿಡಲಿಲ್ಲ. ಆಗಲೂ ಬಿಸಾಡಿದ, ಕಲ್ಲೆದೆಯವನು.

ಬಯ್ಯಲು ತೆರೆದ ಅವನ ಬಾಯಿಯನ್ನು ಅಜ್ಜಿ ನೋಡಿದಳು. ವಸಡಿನಲ್ಲಿ ಒಂದು ತೊಟ್ಟು ರಕ್ತವಿಲ್ಲ! ಗಿಡದಲ್ಲಿ ತಾನು ಕೀಳದ ಹಣ್ಣೂ ಕಮ್ಮಿಯಾಗುತ್ತಿದ್ದದ್ದು ಯಾಕೆಂದು ಅವಳಿಗೆ ಹೊಳೆಯಿತು.

ಮಾರನೇ ಬೆಳಿಗ್ಗೆ ಪಂಡಿತನ ಎದುರೇ ರಾಜನ ಕಾಲಿಗೆ ಬಿದ್ದಳು. "ತಪ್ಪಾಯ್ತು ಬುದ್ಧಿ. ಯಾರೂ ತಿನ್ದೆ ಇರ್ಲಿ ಅಂತ ನೆನ್ನೆ ಸಂಜೆ ಆ ಗಿಡಕ್ಕೆಲ್ಲ ಇಲಿಪಾಷಾಣ ಎರಚ್ಬುಟ್ಟೆ."

ಪಂಡಿತ ಕಿರುಚಿದ: "ಅಯ್ಯೋ ಹಾಳಾದವಳೇ! ಈಗ ತಾನೇ ಎರಡು ಬೊಗಸೆ ತಿಂದು ಬಂದೆನಲ್ಲೇ!"

"ಪಾಷಾಣ ಗೀಷಾಣ ಏನೂ ಇಲ್ಲ ಬುದ್ಧಿ," ಅಂದಳು ಅಜ್ಜಿ. "ಇವ್ರ ಬಾಯಿ ಬಿಡ್ಸ್ಬೇಕಿತ್ತು, ಅಷ್ಟೆ."

ರಾಜ ಕೇಳಿದ: "ಯಾಕೆ ಹೀಗೆ ಮಾಡಿದೆ ಪಂಡಿತ?"

"ಇದ್ದದ್ದು ಹತ್ತೇ ಗಿಡ, ಪ್ರಭು. ಎಲ್ಲರೂ ತಿಂದಿದ್ದರೆ ನನಗೆ ಉಳಿಯುತ್ತಿತ್ತೇ?"

"ಒಂದೊಂದು ಹಣ್ಣಲ್ಲೂ ಹಿಡಿ ಬೀಜ ಇತ್ತಲ್ಲೋ ಪಾಪಿ," ಅಂದಳು ಅಜ್ಜಿ.

ರಾಜ ಗಿಡದಿಂದ ಹಣ್ಣು ಕಿತ್ತುಕೊಂಡು ಮಗಳ ಬಳಿ ಓಡಿದ. ಮಗಳ ತುಟಿಗೆ ರಸ ಹಿಂಡಿದ. ಅದು ಕಟವಾಯಿಯಿಂದ ಹೊರಗೇ ಹರಿಯಿತು. ಮಗು ಹೋಗಿಬಿಟ್ಟಿತ್ತು.

ಆಮೇಲೆ ಹಿತ್ತಲು ಹಿತ್ತಲಿಗೂ ಬೀಜ ಬಿತ್ತಿದರು. ಜನ ಹಸಿಹಸಿಯಾಗಿ ತಿಂದರು. ವಸಡು ಗಟ್ಟಿಯಾಯಿತು, ಗಾಯ ಮಾಯಿತು. ರಾಜನ ಅಪ್ಪಣೆಯಂತೆ ಪಂಡಿತ ಸಾಯುವತನಕ ಮನೆಮನೆಯ ಬಚ್ಚಲ ನೀರು ಹೊತ್ತು ಆ ಗಿಡಗಳಿಗೆ ಹುಯ್ದ.

ನೀತಿ ಇಷ್ಟೇ ಮಕ್ಕಳೇ: ಜೀವ ಉಳಿಸುವುದನ್ನು ತನಗೊಬ್ಬನಿಗೇ ಬಚ್ಚಿಟ್ಟುಕೊಂಡವನೂ ಒಂದೇ, ವಿಷ ಹಾಕಿದವನೂ ಒಂದೇ. ಪುಟ್ಟಮ್ಮಣ್ಣಿಗೆ ಆಗ ಆರು ವರ್ಷ. ಈಗ ಅಳಿ.